ರಕ್ತದಲ್ಲಿ ಗ್ಲೂಕೋಸ್ ಇರುವಾಗ ಹಾಲಿಗೆ ಲ್ಯಾಕ್ಟೋಸ್ ಎಲ್ಲಿಂದ ಬರುತ್ತದೆ?

ನೀವು ಮೂರು ವಿಷಯ ಕೇಳಿದ್ದೀರಿ: ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಎಲ್ಲಿ ತಯಾರಾಗುತ್ತದೆ, ಬಸುರಿ ಇರುವಾಗಲೇ ಶುರುವಾಗುತ್ತದಾ, ತಾಯಿ ಸಿಹಿ ತಿಂದರೆ ಜಾಸ್ತಿ ಆಗುತ್ತದಾ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು. ಇದು ನನಗೆ ಬಹಳ ಇಷ್ಟದ ಪಾಠ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರನೆಯದು ಮೊದಲು ಮುಗಿಸೋಣ. ಇಲ್ಲ, ಆಗುವುದಿಲ್ಲ. ತಾಯಿ ಏನು ತಿಂದರೂ ಎದೆಹಾಲಿನಲ್ಲಿ 100 ಮಿಲಿಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಲ್ಯಾಕ್ಟೋಸ್ ಅಂದರೆ ಒಂದು ಗ್ಲೂಕೋಸ್, ಒಂದು ಗ್ಯಾಲಕ್ಟೋಸ್ (ಗ್ಲೂಕೋಸಿನಂಥದೇ ಇನ್ನೊಂದು ಸಕ್ಕರೆ) ಜೋಡಿ. ಎದೆಯೊಳಗೆ ಹಾಲು ತಯಾರಿಸುವ ಜೀವಕೋಶಗಳು ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಅದರಲ್ಲಿ ಒಂದು ಪಾಲು ಗ್ಯಾಲಕ್ಟೋಸ್ ಆಗಿ ಬದಲಾಗುತ್ತದೆ, ಇನ್ನೊಂದು ಪಾಲು ಹಾಗೇ ಉಳಿಯುತ್ತದೆ. ಎರಡೂ ಜೀವಕೋಶದೊಳಗಿನ ಗಾಲ್ಗಿ ಎಂಬ ಚೀಲಗಳಿಗೆ ಹೋಗುತ್ತವೆ. ಜೋಡಣೆ ನಡೆಯುವುದು ಅಲ್ಲೇ.

ಮಜಾ ಇರುವುದು ಜೋಡಿಸುವ ಎಂಜೈಮಿನಲ್ಲಿ, ಅಂದರೆ ಈ ಕೆಲಸ ಮಾಡಿಸುವ ಪ್ರೋಟೀನಿನಲ್ಲಿ. ಗ್ಯಾಲಕ್ಟೋಸಿಲ್ ಟ್ರಾನ್ಸ್‌ಫರೇಸ್ ಅಂತ ಅದರ ಹೆಸರು. ಇದು ಹಾಲಿಗೇ ಅಂತ ಇರುವ ಎಂಜೈಮ್ ಅಲ್ಲ. ಮೈಯ ಬೇರೆ ಕಡೆ ಪ್ರೋಟೀನುಗಳ ಮೇಲಿನ ಸಕ್ಕರೆ ಸರಪಳಿಗಳಿಗೆ ಗ್ಯಾಲಕ್ಟೋಸ್ ಅಂಟಿಸುವುದು ಇದರ ಕೆಲಸ. ಬಿಡಿ ಗ್ಲೂಕೋಸ್ ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ಆದರೆ ಹಾಲಿನ ಜೀವಕೋಶ ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಪುಟ್ಟ ಪ್ರೋಟೀನ್ ತಯಾರಿಸುತ್ತದೆ. ಅದು ಬಂದು ಪಕ್ಕಕ್ಕೆ ಅಂಟಿಕೊಂಡರೆ ಅದೇ ಎಂಜೈಮ್ ಗ್ಲೂಕೋಸನ್ನು ನೂರಾರು ಪಟ್ಟು ಸುಲಭವಾಗಿ ಹಿಡಿಯುತ್ತದೆ. ಲ್ಯಾಕ್ಟೋಸ್ ತಯಾರಿಗೆ ಹೀಗೆ ಎರಡು ಪ್ರೋಟೀನ್ ಬೇಕು ಅಂತ ಬ್ರಾಡ್‌ಬೆಕ್ ಮತ್ತು ಎಬ್ನರ್ ಎಂಬ ವಿಜ್ಞಾನಿಗಳು 1966ರಲ್ಲಿ ತೋರಿಸಿದರು. ಇನ್ನೂ ಒಂದು ವಿಚಿತ್ರ: ಈ ಪುಟ್ಟ ಪ್ರೋಟೀನು ಕಣ್ಣೀರಿನಲ್ಲಿರುವ, ಬ್ಯಾಕ್ಟೀರಿಯಾ ಒಡೆಯುವ ಲೈಸೋಜೈಮಿನ ಬಳಗದ್ದು!

ತಯಾರಾದ ಲ್ಯಾಕ್ಟೋಸ್ ಗಾಲ್ಗಿಯ ಪೊರೆ ದಾಟಿ ಹೊರಗೆ ಹೋಗಲಾರದು. ಒಳಗೇ ತುಂಬಿಕೊಂಡು ನೀರನ್ನು ಎಳೆಯುತ್ತದೆ. ಚೀಲ ಉಬ್ಬುತ್ತದೆ, ಕೊನೆಗೆ ಜೀವಕೋಶದ ಅಂಚಿಗೆ ಬಂದು ಹಾಲಿನ ಕಡೆಗೆ ತೆರೆದುಕೊಳ್ಳುತ್ತದೆ. ಅಂದರೆ ಎಷ್ಟು ಲ್ಯಾಕ್ಟೋಸೋ ಅಷ್ಟು ನೀರು. ಸಕ್ಕರೆ ಜಾಸ್ತಿ ಆದರೆ ಹಾಲು ಸಿಹಿಯಾಗುವುದಿಲ್ಲ, ಹಾಲೇ ಜಾಸ್ತಿ ಆಗುತ್ತದೆ. ಇಲಿಗಳಲ್ಲಿ ಆಲ್ಫಾ ಲ್ಯಾಕ್ಟಾಲ್ಬುಮಿನ್ ಜೀನನ್ನೇ ತೆಗೆದು ನೋಡಿದ್ದಾರೆ. ಹಾಲು ಎಷ್ಟು ಗಟ್ಟಿಯಾಯಿತು ಅಂದರೆ ಮರಿಗಳಿಗೆ ಚೀಪಲು ಆಗಲಿಲ್ಲ. ಫರ್ ಸೀಲ್ ಎಂಬ ಕಡಲ ಪ್ರಾಣಿಗಳ ಹಾಲಿನಲ್ಲೂ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಅದು ನೀರು ಕಡಿಮೆಯ, ಕೊಬ್ಬು ತುಂಬಿದ ಹಾಲು.

ಇನ್ನು ಬಸುರಿಯ ವಿಷಯ. ಹೌದು, ಬಸುರಿನ ನಡುಭಾಗದಿಂದಲೇ ಸ್ವಲ್ಪ ಸ್ವಲ್ಪ ಶುರುವಾಗುತ್ತದೆ. ಆದರೆ ಹಾಲು ಹರಿಯುವುದಿಲ್ಲ, ಯಾಕೆಂದರೆ ಮಾಸಿನಿಂದ ಬರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಡೆದು ಹಿಡಿದಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಸರ್ರನೆ ಇಳಿಯುತ್ತದೆ, ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ದಾರಿ ಬಿಡುತ್ತದೆ. ಎರಡು ಮೂರು ದಿನದಲ್ಲಿ ಹಾಲು ಹರಿಯತೊಡಗುತ್ತದೆ. ಮಾಸಿನ ಚೂರು ಒಳಗೆ ಉಳಿದರೆ ಹಾಲು ತಡವಾಗುವುದಕ್ಕೂ ಇದೇ ಕಾರಣ.

ಬಸುರಿಯಲ್ಲಿ ಹಾಲಿನ ಜೀವಕೋಶಗಳ ನಡುವಿನ ಸಂದುಗಳು ಇನ್ನೂ ಬಿಗಿಯಾಗಿರುವುದಿಲ್ಲ. ತಯಾರಾದ ಸ್ವಲ್ಪ ಲ್ಯಾಕ್ಟೋಸ್ ಅಲ್ಲಿಂದ ರಕ್ತಕ್ಕೆ ಸೋರುತ್ತದೆ. ರಕ್ತದಲ್ಲಿ ಅದನ್ನು ಒಡೆಯುವ ಎಂಜೈಮ್ ಇಲ್ಲ, ಹಾಗಾಗಿ ಮೂತ್ರದಲ್ಲಿ ಹೋಗುತ್ತದೆ. ಮೂತ್ರದಲ್ಲಿ ಸಕ್ಕರೆ ನೋಡುವ ಹಳೆಯ ಬೆನೆಡಿಕ್ಟ್ ಪರೀಕ್ಷೆ ಮಾಡಿದರೆ ಇದೂ ಸಕ್ಕರೆ ಅಂತಲೇ ತೋರಿಸುತ್ತದೆ. ಈಗಿನ ಮೂತ್ರದ ಗ್ಲೂಕೋಸ್ ಸ್ಟ್ರಿಪ್‌ಗೆ ಲ್ಯಾಕ್ಟೋಸ್ ಕಾಣುವುದೇ ಇಲ್ಲ. ಆದ್ದರಿಂದ ಸ್ಟ್ರಿಪ್ ಬಣ್ಣ ಬದಲಾದರೆ 'ಅದು ಹಾಲಿನ ಸಕ್ಕರೆ ಇರಬೇಕು' ಅಂತ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ಹೇಳಿ.