ಮಾತ್ರೆ ಎಣಿಕೆ ಸರಿ ಇದೆ, ವೈರಲ್ ಲೋಡ್ ಮಾತ್ರ ಇಳೀತಿಲ್ಲ

ಸಕಲೇಶಪುರದ ಹಾಸ್ಟೆಲಲ್ಲಿದ್ದು ಎಚ್‌ಐವಿಗೆ ಮಾತ್ರೆ ತಗೊಳ್ತಿರೋ 15 ವರ್ಷದ ಹುಡುಗಂದು, ಉಳಿದ ಮಾತ್ರೆ ಎಣಿಸಿದ್ರೆ ಪ್ರತಿ ಸಲ ಲೆಕ್ಕ 100 ಪರ್ಸೆಂಟ್, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ನೋಡಿದ್ರೆ ಮಿಲೀಗೆ 1000 ದಾಟಿದೆ ಅಂದ್ರಲ್ಲ, ಬಹುಶಃ ಔಷಧಿ ಕೊಡೋ ಸೆಂಟರಿಗೆ ಬರೋ ಮುಂಚೆ ಉಳಿದ ಮಾತ್ರೆ ಎಸೆದು ಬರ್ತಿದಾನೆ. ಸರಿಯಾಗಿ ತಗೊಳ್ಳೋ ಮಕ್ಕಳದ್ದೂ ಒಂದೆರಡು ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಯಾವಾಗ್ಲೂ 100 ಬಂದ್ರೇನೇ ನನಗೆ ಅನುಮಾನ.

ಮೊದ್ಲು ಮನೆಯವ್ರನ್ನ ಹೊರಗೆ ಕೂರ್ಸಿ ಅವನೊಬ್ಬನ್ನೇ ಮಾತಾಡ್ಸಿ. "ಮಾತ್ರೆ ತಗೋತೀಯಾ" ಅಂದ್ರೆ ಹೂಂ ಅಂತಾನೆ ಅಷ್ಟೇ. "ಎಲ್ರಿಗೂ ತಪ್ಪುತ್ತಪ್ಪ, ಕಳೆದ 4 ದಿನದಲ್ಲಿ ನಿಂಗೆ ಎಷ್ಟು ತಪ್ತು, ಭಾನುವಾರ ಊರಿಗೆ ಹೋದಾಗ ಬಾಟ್ಲಿ ಎಲ್ಲಿತ್ತು" ಅಂತ ಕೇಳಿ ನೋಡಿ. ನಾನು ನೋಡಿದ ಒಬ್ಳು ಹುಡುಗಿ ಬಾಟ್ಲಿ ಗಲಗಲ ಅಂದ್ರೆ ರೂಮಿನವ್ರು ಏನದು ಅಂತಾರೆ ಅನ್ನೋ ಭಯಕ್ಕೆ ಅದನ್ನ ಟ್ರಂಕಿಂದ ತೆಗೀತಾನೇ ಇರ್ಲಿಲ್ಲ, ಡಾಕ್ಟ್ರನ್ನ ಕೇಳಿ ರಾತ್ರಿ ಡೋಸನ್ನ ಬೆಳಿಗ್ಗೆ ಎಲ್ರೂ ಸ್ನಾನಕ್ಕೆ ಹೋಗೋ ಹೊತ್ತಿಗೆ ಮಾಡಿದ್ಮೇಲೆ ಸರಿಹೋಯ್ತು. ತನಗಿರೋದು ಎಚ್‌ಐವಿ ಅಂತ ಅವನಿಗೆ ಗೊತ್ತಾ, ಅದನ್ನೂ ಮನೆಯವ್ರ ಹತ್ರ ತಿಳ್ಕೊಳ್ಳಿ.

ಆಮೇಲೆ ಕಳೆದ 6 ತಿಂಗಳ ರೀಫಿಲ್ ತಾರೀಕು, ಅಂದ್ರೆ ಅವನು ಮಾತ್ರೆ ತಗೊಂಡು ಹೋದ ದಿನಗಳನ್ನ ತೆಗೀರಿ, ದಿನಕ್ಕೊಂದರಂತೆ 30 ಮಾತ್ರೆ ಕೊಟ್ಟು 38 ದಿನ ಆದ್ಮೇಲೆ ಬಂದ್ರೆ ಎಣಿಕೆ ಏನೇ ಹೇಳ್ಲಿ 8 ದಿನದ ಲೆಕ್ಕ ತಪ್ಪಿದೆ, ಮನೇಲಿ ಹಳೇ ಸ್ಟಾಕ್ ಇಲ್ದಿದ್ರೆ. ಮಾತ್ರೆ ತಗೋತಾನಾ ನೋಡೋಕೆ ಅಂತ ಹಾಸ್ಟೆಲಿಗೆ ಮಾತ್ರ ಹೋಗ್ಬೇಡಿ, ವಾರ್ಡನ್‌ಗೆ ವಿಷಯ ಗೊತ್ತಾದ್ರೆ ಹುಡುಗ ಸೆಂಟರ್ ಕಡೆ ತಲೆನೂ ಹಾಕಲ್ಲ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ದೆ ಹೇಳೋ ಹಾಗೂ ಇಲ್ಲ.

ಅವನು ತಗೊಳ್ಳೋದ್ರಲ್ಲಿ ಡೋಲುಟೆಗ್ರಾವಿರ್ ಅನ್ನೋ ಎಚ್‌ಐವಿ ಔಷಧಿ ಇದ್ರೆ ಐರನ್, ಕ್ಯಾಲ್ಸಿಯಂ ಮಾತ್ರೆನ ಖಾಲಿ ಹೊಟ್ಟೇಲಿ ಜೊತೆಗೇ ನುಂಗ್ತಿದಾನಾ ಕೇಳಿ, ಇದೇ ಕಾರಣ ಅಂತ ಅಲ್ಲ, ಆದ್ರೂ ಔಷಧಿ ಮೈಗೆ ಹತ್ತೋದು ಕಮ್ಮಿ ಆಗುತ್ತೆ. 3 ತಿಂಗಳು ಕೌನ್ಸೆಲಿಂಗ್ ಮಾಡಿ ಮತ್ತೆ ವೈರಲ್ ಲೋಡ್ ಮಾಡ್ಸಿ, ಆಗ್ಲೂ 1000 ಮೇಲೇ ಇದ್ರೆ ಹುಡುಗನ್ನ ಬೈಬೇಡಿ, ಔಷಧಿಗೆ ವೈರಸ್ ಬಗ್ತಿಲ್ವೇನೋ ಅಂತ ಡಾಕ್ಟ್ರು ನೋಡ್ಬೇಕಾಗುತ್ತೆ, ರೀಫಿಲ್ ಪಟ್ಟಿ ಜೊತೆಗಿಟ್ಟು ಕಳ್ಸಿ.