ತೋಳಿನ ಬಿಪಿ ಸರಿ ಇದೆ, ಶ್ವಾಸಕೋಶದ ಬಿಪಿ ಜಾಸ್ತಿ ಅಂದರೇನು?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬರುತ್ತದೆ, ಸಂಜೆಗೆ ಕಾಲು ಊದುತ್ತದೆ. ಬಿಪಿ 120/80 ಇದೆ. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) 'ಪಲ್ಮನರಿ ಹೈಪರ್‌ಟೆನ್ಷನ್', ಅಂದರೆ ಶ್ವಾಸಕೋಶದ ಬಿಪಿ ಜಾಸ್ತಿ ಅಂತ ಬಂದಿದೆ. ನೆಂಟರೊಬ್ಬರಿಗೆ ಇದಕ್ಕೇ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ) ಕೊಟ್ಟಿದ್ದಾರಂತೆ. ಅಮ್ಮನಿಗೂ ಅದನ್ನೇ ಶುರು ಮಾಡಬಹುದಾ? ಅದು ಗಂಡಸರ ಮಾತ್ರೆ ಅಲ್ವಾ?
– ಓದುಗರೊಬ್ಬರು, ಹೊಸನಗರ

ಉತ್ತರ: ದಯವಿಟ್ಟು ನೆಂಟರ ಮಾತ್ರೆ ಕೊಡಬೇಡಿ. ಗಂಡಸರ ಮಾತ್ರೆ ಅನ್ನುವ ಮುಜುಗರಕ್ಕೆ ಹೇಳುತ್ತಿಲ್ಲ. ಅದು ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುತ್ತದೆ, ಈ ಕಾಯಿಲೆಗೆ ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕಿದೆ, ಹೆಂಗಸರಿಗೂ ಕೊಡುತ್ತೇವೆ. ಆದರೆ ಕಾಯಿಲೆಯ ಎಲ್ಲ ಬಗೆಗೂ ಅಲ್ಲ.

ತೋಳಿಗೆ ಪಟ್ಟಿ ಸುತ್ತಿ ನೋಡುವುದು ಹೃದಯದ ಎಡಭಾಗ ಮೈಗೆಲ್ಲ ತಳ್ಳುವ ರಕ್ತದ ಒತ್ತಡ. ಬಲಭಾಗ ಶ್ವಾಸಕೋಶಕ್ಕೆ ತಳ್ಳುವ ದಾರಿಯೇ ಬೇರೆ. ಅಲ್ಲಿ ಸರಾಸರಿ 14ರ ಆಸುಪಾಸು ಇರಬೇಕು, 20 ದಾಟಿದರೆ ಕಾಯಿಲೆ. ಬಲಭಾಗದ ಗೋಡೆ ತೆಳು, ಹೊರೆ ಹೆಚ್ಚಾದರೆ ಸೋಲುತ್ತದೆ, ಆಗ ಕಾಲು ಊದುತ್ತದೆ. ನಾನು ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದುಕೊಂಡು ಹೋದಾಗ ಸ್ಟೆತಸ್ಕೋಪ್ ತೆಗೆಯುವ ಮೊದಲೇ ಕಣಕಾಲಿನ ಹತ್ತಿರ ಹೆಬ್ಬೆರಳು ಒತ್ತಿ ನೋಡಿ ಅನ್ನುತ್ತೇನೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದಿರುತ್ತದೆ. ಆಮೇಲೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 6 ನಿಮಿಷ ವರಾಂಡದಲ್ಲಿ ನಡೆಸುತ್ತೇವೆ. ಕೂತಾಗ ರಕ್ತದ ಆಕ್ಸಿಜನ್ ಶೇ 95 ಇದ್ದದ್ದು ನಡೆಯುತ್ತ ನಡೆಯುತ್ತ 84ಕ್ಕೆ ಇಳಿದವರನ್ನು ನೋಡಿದ್ದೇನೆ. ಅಲ್ಲಿಯವರೆಗೂ ಅವರು ವಯಸ್ಸಾಯ್ತು ಅಂತ ಸುಮ್ನೆ ಇದ್ದರು, ಅದೇ ನನಗೆ ಸಂಕಟ.

ಈಗ ನೀವು ಡಾಕ್ಟರನ್ನು ಕೇಳಬೇಕಾದದ್ದು ಇದು ಯಾಕೆ ಬಂತು ಅಂತ. ಜಾಸ್ತಿ ಜನರಲ್ಲಿ ಹೃದಯದ ಎಡಭಾಗದ ತೊಂದರೆಯಿಂದ ಬರುತ್ತದೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಕವಾಟ ಕಿರಿದಾಗಿದ್ದರೆ ಕವಾಟವನ್ನೇ ಸರಿಮಾಡಬೇಕು. ಇನ್ನೊಂದು ಹೊಗೆ. ಅಡುಗೆಗೆ ಗ್ಯಾಸ್ ಬಂದಿರಬಹುದು, ಆದರೆ ಮಲೆನಾಡಿನ ಬಚ್ಚಲ ಒಲೆ ಈಗಲೂ ಬೆಳಗಿನ ಜಾವಕ್ಕೇ ಉರಿಯುತ್ತದಲ್ವಾ? ಅದನ್ನು ಊದುವವರು ಯಾರು ಅಂತ ನೋಡಿ. ಹೊಗೆಯಿಂದ ಹಾಳಾದ ಶ್ವಾಸಕೋಶಕ್ಕೆ ಇನ್ಹೇಲರ್, ಬೇಕಾದರೆ ಆಕ್ಸಿಜನ್. ಅಲ್ಲಿ ಸಿಲ್ಡೆನಾಫಿಲ್ ಕೊಟ್ಟರೆ ಗಾಳಿಯೇ ಸರಿಯಾಗಿ ಹೋಗದ ಜಾಗಕ್ಕೂ ರಕ್ತ ನುಗ್ಗಿ ಆಕ್ಸಿಜನ್ ಇನ್ನೂ ಇಳಿಯಬಹುದು.

ಮೂರನೆಯದು ಶ್ವಾಸಕೋಶದ ರಕ್ತನಾಳದಲ್ಲಿ ಉಳಿದುಕೊಂಡ ಹಳೆಯ ರಕ್ತಗಡ್ಡೆ. ಇದನ್ನು ತಪ್ಪಿಸಿಕೊಳ್ಳಲು ಬಿಡಲೇಬಾರದು, ಯಾಕೆಂದರೆ ಎಷ್ಟೋ ಜನರಿಗೆ ಆಪರೇಷನ್ ಮಾಡಿ ಗಡ್ಡೆ ತೆಗೆದರೆ ಪೂರ್ತಿ ಗುಣವಾಗುವ ಅವಕಾಶ ಇದೆ. ಶ್ವಾಸಕೋಶದಲ್ಲಿ ಗಾಳಿ ಎಲ್ಲಿಗೆ, ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ತೋರಿಸುವ ವಿಕ್ಯೂ ಸ್ಕ್ಯಾನ್ ಆಗಿದೆಯಾ ಅಂತ ಕೇಳಿ.

ಎಕೋ ಕೊಡುವುದು ಅಂದಾಜು. ಖಚಿತವಾಗಬೇಕಾದರೆ ರಕ್ತನಾಳದಿಂದ ಸಣ್ಣ ನಳಿಕೆ ಹಾಯಿಸಿ ಹೃದಯದ ಬಲಭಾಗದಲ್ಲೇ ಒತ್ತಡ ಅಳೆಯಬೇಕು. ಹೆದರಬೇಡಿ, 1929ರಲ್ಲಿ ಜರ್ಮನಿಯ ಡಾಕ್ಟರ್ ವರ್ನರ್ ಫೋರ್ಸ್‌ಮನ್ ತನ್ನ ತೋಳಿನಿಂದಲೇ ನಳಿಕೆ ತೂರಿಸಿಕೊಂಡು, ಹಾಗೇ ನಡೆದು ಹೋಗಿ ಎಕ್ಸ್‌ರೇ ತೆಗೆಸಿದ್ದರು.

ಅಮ್ಮ ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಡುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅದರ ಜೊತೆ ಸಿಲ್ಡೆನಾಫಿಲ್ ಸೇರಿದರೆ ಬಿಪಿ ತೀರಾ ಕುಸಿಯುತ್ತದೆ. ನಡೆಯುವಾಗ ಒಮ್ಮೆಯಾದರೂ ತಲೆ ತಿರುಗಿ ಬಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.