ಕೋವಿಡ್ ಕಾಲದ ಬಾಡಿಗೆ ಬಾಕಿ, ಮನೆ ತೆರವು: ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಮನೆ ಬಾಡಿಗೆಗಿದೆ. ತಿಂಗಳಿಗೆ 12,000 ರೂಪಾಯಿ, ಅಡ್ವಾನ್ಸ್ 1 ಲಕ್ಷ. 2020ರ ಏಪ್ರಿಲ್‌ನಿಂದ 2021ರ ಆಗಸ್ಟ್‌ವರೆಗೆ, 17 ತಿಂಗಳು, ಬಾಡಿಗೆದಾರರು ಏನೂ ಕೊಡಲಿಲ್ಲ. ಆಮೇಲಿನದು ಸರಿಯಾಗಿ ಬರುತ್ತಿದೆ. ಹಳೆಯದನ್ನು ಕೇಳಿದರೆ ‘ಅದನ್ನು ಸರ್ಕಾರವೇ ಮನ್ನಾ ಮಾಡಿದೆ’ ಎನ್ನುತ್ತಾರೆ. ವಸೂಲಿ ಮಾಡಬಹುದೇ? ಮನೆ ಬಿಡಿಸಬಹುದೇ?

ಉತ್ತರ: ಮನ್ನಾ ಆಗಿಲ್ಲ. ಅವರು ಹೇಳುತ್ತಿರುವುದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ ಆದೇಶದ ಬಗ್ಗೆ ಇರಬೇಕು. ವಲಸಿಗರೂ ಸೇರಿದಂತೆ ಬಾಡಿಗೆಗಿರುವ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ಮನೆ ಬಿಡಿಸಿದರೆ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿತ್ತು. ಹೇಳಿದ್ದು ಒಂದೇ ತಿಂಗಳು, ಅದೂ ಎಲ್ಲ ಬಾಡಿಗೆದಾರರಿಗಲ್ಲ. ಅದೇ ವರ್ಷ ಮೇ 21ರಂದು ದೆಹಲಿ ಹೈಕೋರ್ಟ್ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಪ್ರಕರಣದಲ್ಲಿ, ಮಳಿಗೆಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡೇ ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ಬೇಡವೆನ್ನುವ ಹಾಗಿಲ್ಲ ಎಂದು ಹೇಳಿತು. ಕಟ್ಟಲು ಸ್ವಲ್ಪ ಕಾಲಾವಕಾಶ ಮಾತ್ರ ಕೊಟ್ಟಿತು.

ನಿಮಗೆ ಅಡ್ಡಿಯಾಗುವುದು ಬೇರೆ ವಿಷಯ, ಕಾಲಮಿತಿ. ಬಾಡಿಗೆ ಬಾಕಿಗೆ 3 ವರ್ಷದೊಳಗೆ ದಾವೆ ಹೂಡಬೇಕು. ಕೋವಿಡ್ ಕಾರಣದಿಂದ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದಲೇ ಬಿಟ್ಟಿತು. ನಿಮ್ಮ 17 ತಿಂಗಳೂ ಆ ಅವಧಿಯೊಳಗೇ ಬಂದಿರುವುದರಿಂದ ಎಣಿಕೆ ಶುರುವಾದದ್ದು 2022ರ ಮಾರ್ಚ್ 1ರಂದು, ಮುಗಿದದ್ದು 2025ರ ಫೆಬ್ರುವರಿ ಕೊನೆಗೆ. ಅಷ್ಟರೊಳಗೆ ದಾವೆ ಹಾಕಿಲ್ಲದಿದ್ದರೆ, ಬಾಕಿಯಿದೆ ಎಂದು ಅವರು ಸಹಿ ಮಾಡಿದ ಬರಹವೂ ಇಲ್ಲದಿದ್ದರೆ, ಕೋರ್ಟಿನ ಮೂಲಕ 2,04,000 ರೂಪಾಯಿ ವಸೂಲಿ ಮಾಡುವ ದಾರಿ ಮುಚ್ಚಿದೆ. ನ್ಯಾಯವಾಗಿ ಬರಬೇಕಾದ ಹಣವನ್ನು ಬಹಳಷ್ಟು ಮಾಲೀಕರು ಕಳೆದುಕೊಂಡಿರುವುದು ಹೀಗೆ ಸುಮ್ಮನೆ ಕಾದದ್ದರಿಂದಲೇ.

ಆದರೆ ಕಾಲಮಿತಿ ಕಳೆದರೆ ದಾವೆಯ ಹಕ್ಕು ಹೋಗುತ್ತದೆ, ಸಾಲ ಅಳಿಸಿಹೋಗುವುದಿಲ್ಲ. ಹಾಗಾಗಿ ಎರಡು ಕೆಲಸ ಮಾಡಬಹುದು. ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಬಾಕಿ ಮುರಿದುಕೊಳ್ಳುವುದಾಗಿ ತಿಂಗಳುವಾರು ಲೆಕ್ಕದೊಂದಿಗೆ ಈಗಲೇ ಪತ್ರ ಬರೆದಿಡಿ. ಅವರು ಮಾತುಕತೆಗೆ ಒಪ್ಪಿದರೆ, ‘2020ರ ಏಪ್ರಿಲ್‌ನಿಂದ 2021ರ ಆಗಸ್ಟ್‌ವರೆಗಿನ ಬಾಡಿಗೆ ಬಾಕಿಯನ್ನು ಇಂಥ ದಿನದೊಳಗೆ ಕೊಡುತ್ತೇನೆ’ ಎಂದು ಬರೆಸಿ ಸಹಿ ಹಾಕಿಸಿ. ಕರಾರು ಕಾಯ್ದೆಯ 25(3)ನೇ ಕಲಂ ಪ್ರಕಾರ ಅವಧಿ ಮೀರಿದ ಸಾಲಕ್ಕೂ ಅಂಥ ಬರಹ ಹೊಸ ಜೀವ ಕೊಡುತ್ತದೆ. ಅವಧಿ ಮೀರಿದ ಮೇಲೆ ‘ಬಾಕಿ ಇದೆ’ ಎಂದಷ್ಟೇ ಬರೆದರೆ ಸಾಲದು. ‘ಕೊಡುತ್ತೇನೆ’ ಎಂಬ ಮಾತು ಇರಲೇಬೇಕು.

ಮನೆ ಬಿಡಿಸುವುದಕ್ಕೆ ಹಳೆಯ ಬಾಕಿಯ ಹಂಗೇ ಬೇಡ. ಕರ್ನಾಟಕ ಬಾಡಿಗೆ ಕಾಯ್ದೆಯ ಬಾಡಿಗೆ ಮಿತಿ ಊರಿಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ. ನಿಮ್ಮ ಬಾಡಿಗೆ ಅದಕ್ಕಿಂತ ಹೆಚ್ಚಿರುವುದರಿಂದ ಆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. 11 ತಿಂಗಳ ಕರಾರು ಮುಗಿದು ತಿಂಗಳ ಲೆಕ್ಕದಲ್ಲಿ ಮುಂದುವರಿದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಸಾಕು, ಕಾರಣ ಹೇಳಬೇಕಿಲ್ಲ. ನೋಟಿಸ್‌ನಲ್ಲಿ ಮನೆಯ ಪೂರ್ತಿ ವಿಳಾಸ, ಬಾಡಿಗೆ ಮೊತ್ತ, ಬಾಡಿಗೆದಾರಿಕೆ ಕೊನೆಗೊಳಿಸುತ್ತಿದ್ದೇನೆ ಎಂಬ ಸ್ಪಷ್ಟ ವಾಕ್ಯ, ನಿಮ್ಮ ಅಥವಾ ವಕೀಲರ ಸಹಿ ಇರಲಿ. ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ. ‘ಬಾಗಿಲಿಗೆ ಬೀಗ’ ಎಂದೋ ‘ನಿರಾಕರಿಸಿದ್ದಾರೆ’ ಎಂದೋ ಷರಾ ಬರೆದು ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಮುಚ್ಚಿದ ಆ ಲಕೋಟೆಯೇ ಕೋರ್ಟಿನಲ್ಲಿ ನಿಮ್ಮ ಸಾಕ್ಷಿ.

ಪ್ರಶ್ನೆ: 2021ರಲ್ಲೇ ನೋಟಿಸ್ ಕೊಟ್ಟಿದ್ದೆ. ಆಗ ಕೋರ್ಟುಗಳು ಸರಿಯಾಗಿ ನಡೆಯುತ್ತಿಲ್ಲವೆಂದು ದಾವೆ ಹಾಕಲಿಲ್ಲ. ಬಾಡಿಗೆ ಮಾತ್ರ ತೆಗೆದುಕೊಳ್ಳುತ್ತ ಬಂದೆ. ಈಗ ಅದೇ ನೋಟಿಸ್ ಮೇಲೆ ದಾವೆ ಹಾಕಬಹುದೇ? ಅಲ್ಲಿಯವರೆಗೆ ಕರೆಂಟು ತೆಗೆಸಿದರೆ ತಪ್ಪೇ? (ಬೆಂಗಳೂರು)

ಉತ್ತರ: ಹೊಸ ನೋಟಿಸ್ ಕೊಡಿ. ನೋಟಿಸ್ ನಂತರದ ಬಾಡಿಗೆಯನ್ನು ಬಾಡಿಗೆಯೆಂದೇ ತೆಗೆದುಕೊಂಡರೆ, ನೋಟಿಸನ್ನೇ ಕೈಬಿಟ್ಟಿರಿ ಎಂಬ ವಾದಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಂ ಎಡೆಮಾಡುತ್ತದೆ. ಇನ್ನು ಮುಂದೆ ಬರುವ ಹಣಕ್ಕೆ ‘ನೋಟಿಸ್‌ಗೆ ಬಾಧಕವಿಲ್ಲದಂತೆ, ಮನೆ ಬಳಸಿದ್ದಕ್ಕೆ ನಷ್ಟ ಪರಿಹಾರವಾಗಿ ಸ್ವೀಕರಿಸಿದ್ದೇನೆ’ ಎಂದು ರಸೀದಿ ಬರೆಯಿರಿ. ಬ್ಯಾಂಕ್ ಖಾತೆಗೆ ಬಂದರೂ ಆ ಪತ್ರ ತಪ್ಪಿಸಬೇಡಿ.

ಕರೆಂಟು, ನೀರು, ಬೀಗದ ತಂಟೆಗೆ ಖಂಡಿತ ಹೋಗಬೇಡಿ. ಕಾನೂನು ಕ್ರಮವಿಲ್ಲದೆ ಹೊರಹಾಕಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಬರಬಹುದು. ಆ ದಾವೆಯಲ್ಲಿ ಮನೆ ನಿಮ್ಮದೇ ಎಂಬ ಮಾತು ನಿಲ್ಲುವುದಿಲ್ಲ, ತೀರ್ಪಿನ ಮೇಲೆ ಅಪೀಲೂ ಇಲ್ಲ.

ಪ್ರಶ್ನೆ: ಅಮೆರಿಕದ ಡೆನ್ವರ್‌ನಲ್ಲಿ ನಮ್ಮ ಮನೆ ಬಾಡಿಗೆಗಿದೆ. ಬಾಡಿಗೆ ಕಟ್ಟದಿದ್ದಕ್ಕೆ 10 ದಿನದ ನೋಟಿಸ್ ಕೊಡಲು ಹೋದರೆ, ಕೋವಿಡ್ ಕಾನೂನಿನಂತೆ 30 ದಿನ ಬೇಕು ಎನ್ನುತ್ತಾರೆ. ಅದು ಮುಗಿಯಲಿಲ್ಲವೇ?

ಉತ್ತರ: ಎರಡು ನಿಯಮಗಳನ್ನು ಬೆರೆಸಬೇಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಹೊರಡಿಸಿದ್ದ ತೆರವು ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಆಗಸ್ಟ್ 26ರಂದು ನಿಲ್ಲಿಸಿತು. 2020ರ ಮಾರ್ಚ್ 27ರ ಕೇರ್ಸ್ ಕಾಯ್ದೆ ಎಂಬ ಕೋವಿಡ್ ನೆರವಿನ ಕಾನೂನಿನ 120 ದಿನಗಳ ನಿಷೇಧವೂ ಮುಗಿದಿದೆ. ಆದರೆ ಅದೇ ಕಾಯ್ದೆಯ 30 ದಿನದ ನೋಟಿಸ್ ನಿಯಮಕ್ಕೆ ಕೊನೆಯ ದಿನಾಂಕ ಬರೆದಿರಲಿಲ್ಲ. ಅದು ಊರ್ಜಿತದಲ್ಲಿದೆ ಎಂದು ಡೆನ್ವರ್ ಇರುವ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿದೆ.

ಇದು ಎಲ್ಲ ಮನೆಗಳಿಗೂ ಅಲ್ಲ. ಮನೆಯ ಮೇಲೆ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ (ಬ್ಯಾಂಕುಗಳಿಂದ ಗೃಹಸಾಲ ಕೊಳ್ಳುವ ಸಂಸ್ಥೆಗಳು), ಎಫ್‌ಎಚ್‌ಎ (ಕೇಂದ್ರ ವಸತಿ ಆಡಳಿತ) ಅಥವಾ ವಿಎ (ಮಾಜಿ ಸೈನಿಕರ ಇಲಾಖೆ) ಬೆಂಬಲದ ಸಾಲವಿದ್ದರೆ, ಇಲ್ಲವೇ ಬಾಡಿಗೆದಾರರು ಸೆಕ್ಷನ್ 8 ವೋಚರ್ (ಸರ್ಕಾರದ ಬಾಡಿಗೆ ನೆರವು) ಮೇಲಿದ್ದರೆ ಅನ್ವಯಿಸುತ್ತದೆ. ಕಂತು ಕಟ್ಟುವುದು ಬ್ಯಾಂಕಿಗಾದರೂ ಸಾಲವನ್ನು ಫ್ಯಾನಿ ಮೇ ಕೊಂಡಿರಬಹುದು. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಜಾಲತಾಣಗಳಲ್ಲಿ ನಿಮ್ಮ ಸಾಲವನ್ನು ಹುಡುಕಿ ಖಚಿತಪಡಿಸಿಕೊಳ್ಳಿ. ವ್ಯಾಪ್ತಿಗೆ ಬಂದಿದ್ದೂ 10 ದಿನದ ನೋಟಿಸ್ ಮೇಲೆ ಕೇಸು ಹಾಕಿದರೆ ಅದು ವಜಾ ಆಗಬಹುದು. ಕಟ್ಟಿದ ಶುಲ್ಕ ಹೋಗಿ, 30 ದಿನವನ್ನು ಮೊದಲಿನಿಂದ ಎಣಿಸಬೇಕಾಗುತ್ತದೆ.